ಓಟದ ವೇಗ ಕೈಯಲ್ಲಿದೆಯೋ, ಕಾಲಲ್ಲಿದೆಯೋ? ಎಂಟನೇ ಕ್ಲಾಸಿನ ಒಬ್ಬ ಓಟಗಾರ್ತಿಯ ಬಗ್ಗೆ ಸಲಹೆ ಬೇಕು

ಮಣ್ಣಿನ ಟ್ರ್ಯಾಕ್

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿ ಹೈಸ್ಕೂಲಿನಲ್ಲಿ ಪಿಇ ಟೀಚರ್. ನಮ್ಮಲ್ಲಿ ಟ್ರ್ಯಾಕ್ ಅಂದರೆ ಸುಣ್ಣದ ಗೆರೆ ಎಳೆದ ಮಣ್ಣಿನ ಮೈದಾನ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಈ ಸಲ ಹೋಬಳಿ ಮಟ್ಟದ 100 ಮೀಟರ್ ಗೆದ್ದಳು. ಬರಿಗಾಲಲ್ಲಿ ಓಡಿದಳು, ನನ್ನ ಸ್ಟಾಪ್‌ವಾಚಿನಲ್ಲಿ 14.2 ಸೆಕೆಂಡ್.

ಅವಳ ಕಾಲು ನೋಡಿದರೆ ಖುಷಿಯಾಗುತ್ತದೆ. ಕೈ ನೋಡಿದರೆ ಚಿಂತೆ ಶುರುವಾಗುತ್ತದೆ. ಎರಡೂ ಕೈ ಎದೆಯ ಮುಂದೆ ಅಡ್ಡಡ್ಡ ಹೋಗುತ್ತವೆ, ಮಜ್ಜಿಗೆ ಕಡೆದ ಹಾಗೆ. ಬೇರೆ ಶಾಲೆಯ ಹಿರಿಯ ಮೇಷ್ಟ್ರೊಬ್ಬರು ನೋಡಿ, "ಕೈ ಸರಿ ಮಾಡಿ, ಅರ್ಧ ಸೆಕೆಂಡ್ ತಾನಾಗಿ ಇಳಿಯುತ್ತೆ" ಅಂದರು. ನನಗೂ ಚಿಕ್ಕಂದಿನಲ್ಲಿ ಹಾಗೇ ಹೇಳಿಕೊಟ್ಟಿದ್ದರು. ಕೈ ಬೀಸಿದಷ್ಟೂ ಕಾಲು ಓಡುತ್ತದೆ ಅಂತ.

ತಾಲ್ಲೂಕು ಕ್ರೀಡಾಕೂಟಕ್ಕೆ ಇನ್ನು ನಾಲ್ಕು ವಾರ ಇದೆ. ಇರುವ ಸಮಯವನ್ನು ಕೈಗೆ ಕೊಡಲೋ, ಕಾಲಿಗೆ ಕೊಡಲೋ? ತಿಳಿದವರು ಹೇಳಿ.

ಹಳೇ ಸ್ಪೈಕ್ಸ್

ಮೇಡಂ, ನಾನು ಯೂನಿವರ್ಸಿಟಿ ಮಟ್ಟದಲ್ಲಿ 200 ಮೀಟರ್ ಓಡಿದವನು. ನನ್ನ ಮಾತು ಕೇಳಿ, ಕೈಯಿಂದಲೇ ಶುರು ಮಾಡಿ. ಕೈಯನ್ನು ಬೇಕಂತಲೇ ನಿಧಾನ ಬೀಸುತ್ತಾ ಕಾಲನ್ನು ಜೋರಾಗಿ ಓಡಿಸಲು ನೋಡಿ. ಆಗೋದೇ ಇಲ್ಲ. ಎರಡಕ್ಕೂ ಒಂದೇ ತಾಳ.

200ರಲ್ಲಿ ಕೊನೆಯ 40 ಮೀಟರ್ ಬಂದಾಗ ಕಾಲು ಮರದ ಕೊರಡಿನ ಹಾಗಾಗುತ್ತದೆ. ಆಗ "ಕಾಲೇ, ಓಡು" ಅಂದರೆ ಕೇಳಲ್ಲ. ಕೈ ಮಾತ್ರ ಕೇಳುತ್ತದೆ. ಕೈ ಬೀಸಿಯೇ ನಾನು ಎಷ್ಟೋ ರೇಸ್ ಮುಗಿಸಿದ್ದೇನೆ.

ಫಿಸಿಕ್ಸ್ ಮೇಡಂ

ಸಲಹೆ ಕೊಡುವ ಮೊದಲು ಒಂದು ಲೆಕ್ಕ ಬೇಕು. ನಿಮ್ಮ ಹುಡುಗಿ 100 ಮೀಟರಿಗೆ ಎಷ್ಟು ಹೆಜ್ಜೆ ಹಾಕುತ್ತಾಳೆ? ಮೊಬೈಲಿನಲ್ಲಿ ವಿಡಿಯೋ ಮಾಡಿ ಎಣಿಸಿ. ಸ್ಲೋ ಮೋಷನ್ ಇದ್ದರೆ ಸೆಕೆಂಡಿಗೆ 240 ಫ್ರೇಮ್ ಇಟ್ಟು, ಸುಮಾರು 50 ಮೀಟರ್ ಹತ್ತಿರ ಪಕ್ಕದಿಂದ ಒಂದು ವಿಡಿಯೋ ತೆಗೆಯಿರಿ. ಪಾದ ನೆಲ ಮುಟ್ಟಿದ ಫ್ರೇಮಿನಿಂದ ಬಿಟ್ಟ ಫ್ರೇಮಿನವರೆಗೆ ಎಷ್ಟು ಅಂತ ನೋಡಿ.

ಮಣ್ಣಿನ ಟ್ರ್ಯಾಕ್

ಇವತ್ತು ಸಂಜೆ ಎಣಿಸಿದೆ. ಎರಡು ಸಲ ಓಡಿಸಿದೆ, ಎರಡು ಸಲವೂ 60 ಹೆಜ್ಜೆ. 50 ಮೀಟರ್ ಹತ್ತಿರ ಪಾದ ನೆಲದ ಮೇಲೆ 31 ಫ್ರೇಮ್ ಇರುತ್ತದೆ. ಒಂದು ಪಾದ ನೆಲ ಮುಟ್ಟಿದ್ದರಿಂದ ಇನ್ನೊಂದು ಪಾದ ಮುಟ್ಟುವವರೆಗೆ 56 ಫ್ರೇಮ್.

ಫಿಸಿಕ್ಸ್ ಮೇಡಂ

ಈ ನಾಲ್ಕು ಅಂಕಿಯಲ್ಲಿ ಎಷ್ಟು ವಿಷಯ ಇದೆ ನೋಡಿ.

60 ಹೆಜ್ಜೆಯನ್ನು 14.2ರಿಂದ ಭಾಗಿಸಿ. ಸೆಕೆಂಡಿಗೆ 4.2 ಹೆಜ್ಜೆ. ಈಗ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58ರಲ್ಲಿ ಓಡಿದ್ದನ್ನು ತೆಗೆದುಕೊಳ್ಳಿ. ಅಲ್ಲಿ ಅವರು ಹಾಕಿದ್ದು ಸುಮಾರು 41 ಹೆಜ್ಜೆ. ಭಾಗಿಸಿದರೆ ಸೆಕೆಂಡಿಗೆ 4.3. ನಿಮ್ಮ ಹುಡುಗಿಯ ಕಾಲು ಬೋಲ್ಟ್ ಕಾಲಿನಷ್ಟೇ ಬೇಗ ತಿರುಗುತ್ತಿದೆ! ವ್ಯತ್ಯಾಸ ಇರುವುದು ಹೆಜ್ಜೆಯ ಉದ್ದದಲ್ಲಿ. ಅವರದ್ದು ಸರಾಸರಿ 2.44 ಮೀಟರ್, ಇವಳದ್ದು 1.67.

ಇದು ಇವಳೊಬ್ಬಳ ಕಥೆ ಅಲ್ಲ. 2000ದಲ್ಲಿ ಪೀಟರ್ ವೇಯಾಂಡ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 33 ಜನರನ್ನು ಟ್ರೆಡ್‌ಮಿಲ್ ಮೇಲೆ ಪೂರ್ತಿ ವೇಗದಲ್ಲಿ ಓಡಿಸಿ ಅಳೆದರು. ಅವರಲ್ಲಿ ತೀರಾ ನಿಧಾನದವರ ವೇಗ ಸೆಕೆಂಡಿಗೆ 6.2 ಮೀಟರ್, ಎಲ್ಲರಿಗಿಂತ ವೇಗದವರದ್ದು 11.1. ಕಾಲನ್ನು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ತರಲು ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕಾಗಿತ್ತು. ಬೇರೆಯಾಗಿದ್ದು ನೆಲವನ್ನು ಒತ್ತುವ ಬಲ. ವೇಗದವರು ಕಡಿಮೆ ಹೊತ್ತಿನಲ್ಲಿ ಜಾಸ್ತಿ ಒತ್ತುತ್ತಾರೆ.

ಎಷ್ಟು ಒತ್ತಬೇಕು? ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಒಂದು ಹೆಜ್ಜೆಯ ಪೂರ್ತಿ ಸಮಯದಲ್ಲಿ ಭೂಮಿ ನಮ್ಮನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ಅದಕ್ಕೆ ಉತ್ತರ ಕೊಡಲು ಸಿಗುವುದು ಪಾದ ನೆಲದ ಮೇಲಿರುವ ಸಮಯ ಮಾತ್ರ. ಹಾಗಾಗಿ 56ನ್ನು 31ರಿಂದ ಭಾಗಿಸಿ. ಸುಮಾರು 1.8 ಬಂತು. ಅಂದರೆ ಪಾದ ನೆಲದಲ್ಲಿರುವಾಗ ಅವಳು ಸರಾಸರಿ ತನ್ನ ತೂಕದ 1.8 ಪಟ್ಟು ಒತ್ತುತ್ತಿದ್ದಾಳೆ, ಅದೂ ಒಂದೇ ಕಾಲಲ್ಲಿ. ದೊಡ್ಡ ಓಟಗಾರರು ಪೂರ್ತಿ ವೇಗದಲ್ಲಿರುವಾಗ ಹೆಜ್ಜೆಗೆ ಸುಮಾರು 0.22 ಸೆಕೆಂಡ್, ಅದರಲ್ಲಿ ನೆಲದ ಮೇಲೆ ಸುಮಾರು 0.09. ಅಲ್ಲಿಗೆ 2.4 ಪಟ್ಟು. ಇದು ಸರಾಸರಿ ಮಾತ್ರ. ಪಾದ ಬಡಿದ ಕ್ಷಣದಲ್ಲಿ ಇನ್ನೂ ಎಷ್ಟೋ ಜಾಸ್ತಿ ಇರುತ್ತದೆ.

ವೇಗ ಹುಟ್ಟುವ ಜಾಗ ಇದು. ಕೈ ನೆಲ ಮುಟ್ಟಲ್ಲ. ನೆಲ ಮುಟ್ಟದ್ದು ನಮ್ಮನ್ನು ಮುಂದೆ ತಳ್ಳಲಾರದು.

ಹಳೇ ಸ್ಪೈಕ್ಸ್

ಲೆಕ್ಕ ಒಪ್ಪಿದೆ. ಹಾಗಾದರೆ ಕೈ ಕಟ್ಟಿಕೊಂಡು ಓಡಿದರೂ ಅಷ್ಟೇ ವೇಗ ಬರಬೇಕಲ್ವಾ? ಬರುತ್ತಾ?

ಫಿಸಿಕ್ಸ್ ಮೇಡಂ

ಬರಲ್ಲ, ಆದರೆ ನಾವು ಅಂದುಕೊಂಡಷ್ಟು ಕಡಿಮೆಯಾಗಲ್ಲ. 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಮೀಟರ್ ಓಡಿಸಿದರು. ಕೈ ಬಿಟ್ಟು ಓಡಿದ್ದಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಸುಮಾರು ಶೇ 1.6.

ಕೈಯ ನಿಜವಾದ ಕೆಲಸ ಬೇರೆ. ಬಲಗಾಲು ಮುಂದೆ ಹೋದಾಗ ಸೊಂಟ ಒಂದು ಕಡೆ ತಿರುಗಲು ನೋಡುತ್ತದೆ, ಎಡಗಾಲಿಗೆ ಇನ್ನೊಂದು ಕಡೆ. ಒಂದು ಕಾಲಿನ ತೂಕ ದೇಹದ ಸುಮಾರು ಶೇ 16, ಒಂದು ಕೈಯದ್ದು ಶೇ 5 ಮಾತ್ರ. ಆದರೆ ಭುಜ ಸೊಂಟಕ್ಕಿಂತ ಅಗಲ. ಕೈ ನಡುಗೆರೆಯಿಂದ ದೂರದಲ್ಲಿ ತೂಗುವುದರಿಂದ ಕಡಿಮೆ ತೂಕದಲ್ಲೇ ಆ ತಿರುಚನ್ನು ಸರಿದೂಗಿಸುತ್ತದೆ. ಮೈ ನೇರ ನಿಲ್ಲುತ್ತದೆ, ಕಾಲು ನಿಶ್ಚಿಂತೆಯಿಂದ ನೆಲ ಒತ್ತುತ್ತದೆ. ಒಂದು ಕೈ ಮುಂದೆ ಹೋದಾಗ ಇನ್ನೊಂದು ಹಿಂದೆ ಹೋಗುವುದರಿಂದ ಮುಂದೆ ತಳ್ಳುವ ಲೆಕ್ಕ ಸೊನ್ನೆಯಾಗುತ್ತದೆ. ಎರಡೂ ಕೈ ಒಟ್ಟಿಗೆ ಮೇಲೇಳುವ ಗಳಿಗೆಯಲ್ಲಿ ಸ್ವಲ್ಪ ಮೇಲ್ಮುಖ ಸಹಾಯ ಸಿಗುತ್ತದೆ, ಅಷ್ಟೇ.

ನಾಲ್ಕನೇ ಲೇನ್

"ಶೇ 1.6 ಅಷ್ಟೇ" ಅನ್ನಬೇಡಿ ಪ್ಲೀಸ್. ನಾನು ಈಗಲೂ ಓಡುತ್ತಿರುವವಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ನಲ್ಲಿ ನೋಹ್ ಲೈಲ್ಸ್ 9.784, ಕಿಶಾನ್ ಥಾಂಪ್ಸನ್ 9.789. ಚಿನ್ನಕ್ಕೂ ಬೆಳ್ಳಿಗೂ 0.005 ಸೆಕೆಂಡ್. ಅಲ್ಲಿ ಶೇ 1.6 ಅಂದರೆ 0.15 ಸೆಕೆಂಡಿಗೂ ಜಾಸ್ತಿ. ಆ ಫೈನಲ್‌ನ ಎಂಟೂ ಜನ 9.91ರೊಳಗೆ ಮುಗಿಸಿದ್ದರು. 0.15 ಕಳೆದುಕೊಂಡವರು ಕೊನೆಗೆ ನಿಲ್ಲುತ್ತಾರೆ.

ರಿಲೇಯಲ್ಲೂ ಇದು ಗೊತ್ತಾಗುತ್ತದೆ. ಬೇಟನ್ ತೆಗೆದುಕೊಳ್ಳಲು ಕೈಯನ್ನು ಹಿಂದೆ ಚಾಚಿದ ಕೂಡಲೇ ಮೈ ಓಲಾಡಿದ ಅನುಭವ ಆಗುತ್ತದೆ. ಅದಕ್ಕೇ ಕೂಗು ಕೇಳುವವರೆಗೆ ಕೈ ಚಾಚಬೇಡಿ ಅಂತ ಹೇಳಿಕೊಡುವುದು.

ಫಿಸಿಕ್ಸ್ ಮೇಡಂ

ಸರಿಯಾದ ಮಾತು, ಒಪ್ಪಿದೆ. ಒಂದೇ ಸೇರಿಸುತ್ತೇನೆ. ಆ ಶೇ 1.6 ಕೈ ಪೂರ್ತಿ ಕಟ್ಟಿದ್ದಕ್ಕೂ ಬಿಟ್ಟಿದ್ದಕ್ಕೂ ಇರುವ ವ್ಯತ್ಯಾಸ. ಈ ಹುಡುಗಿಯ ಕೈ ಕಟ್ಟಿಲ್ಲ, ಬೀಸುತ್ತಲೇ ಇದೆ, ಸ್ವಲ್ಪ ಅಡ್ಡಕ್ಕೆ. ಹಾಗಾಗಿ ಅವಳಿಗೆ ಕೈಯಿಂದ ಸಿಗಬಹುದಾದ ಲಾಭ ಅದಕ್ಕಿಂತ ಕಡಿಮೆ ಇರಬೇಕು. 14.2ರಲ್ಲಿ ಅರ್ಧ ಸೆಕೆಂಡ್ ಅಂದರೆ ಶೇ 3.5. ಕೈಯೊಂದರಿಂದ ಅದು ಬರುವುದು ಕಷ್ಟ.

ಬ್ರೆಜಿಲ್‌ನ ಪೆಟ್ರೂಸಿಯೊ ಫೆರೇರಾ ಅವರ ಓಟ ನೋಡಿ. ಚಿಕ್ಕ ಮಗುವಾಗಿದ್ದಾಗಲೇ ಅಪಘಾತದಲ್ಲಿ ಎಡಗೈ ಮೊಣಕೈ ಕೆಳಗೆ ಹೋಯಿತು. ಪ್ಯಾರಾಲಿಂಪಿಕ್ಸ್‌ನಲ್ಲಿ ರಿಯೋ, ಟೋಕಿಯೊ, ಪ್ಯಾರಿಸ್ ಮೂರರಲ್ಲೂ 100 ಮೀಟರ್ ಚಿನ್ನ. 2022ರಲ್ಲಿ 10.29 ಓಡಿದರು. ನಮ್ಮ ಮಣಿಕಂಠ ಹೋಬ್ಳಿಧರ್ 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ರಾಷ್ಟ್ರೀಯ ದಾಖಲೆ ಮಾಡಿದಾಗಿನ ಸಮಯ 10.23 ಅನ್ನುವುದನ್ನು ನೆನೆದರೆ ಆ 10.29ರ ಬೆಲೆ ಗೊತ್ತಾಗುತ್ತದೆ.

ಕರಾವಳಿ ಹುಡುಗ

ನಮ್ಮ ಕಂಬಳದ ವಿಷಯ ಇಲ್ಲಿ ಹೇಳಲೇಬೇಕು. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ದಾರಿ) 13.62 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ ಇಳಿಸಿದರೆ 9.55 ಅಂತ ದೇಶವೆಲ್ಲ ಸುದ್ದಿ. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸುತ್ತೇವೆ ಅಂದರು. ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಅಂತ ಗೌಡರು ಹೋಗಲಿಲ್ಲ. ಅವರು ತಮ್ಮ ಆಟವನ್ನು ಸರಿಯಾಗಿ ತಿಳಿದವರು ಅಂತ ನನಗೆ ಆಗ ಅನಿಸಿತ್ತು.

ಹಗ್ಗದ ವಿಭಾಗದಲ್ಲಿ ಓಡುವವರ ಕೈ ಗಮನಿಸಿ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಬೆತ್ತ. ನೀವು ಹೇಳುವ ಹಾಗೆ ಕೈ ಬೀಸುವುದಕ್ಕೆ ಅವಕಾಶವೇ ಇಲ್ಲ. ಆದರೂ ಕೆಸರಿನಲ್ಲಿ ಆ ವೇಗ. ಯಾಕೆ? ಮುಂದೆ ಕೋಣಗಳು ಎಳೆಯುತ್ತಿವೆ. ಹಗ್ಗ ಹಿಡಿದ ಕೈಯೇ ಮೈಯನ್ನು ಸಮತೂಕದಲ್ಲಿ ಇಡುತ್ತದೆ. ಓಟಗಾರ ಕಾಲನ್ನು ಸರಿಯಾದ ಹೊತ್ತಿಗೆ ಕೆಳಗೆ ಇಡುತ್ತಾ ಹೋಗಬೇಕು. ಒಂದು ಹೆಜ್ಜೆ ತಡವಾದರೆ ಕೆಸರಿಗೆ ಮುಖ.

ಫಿಸಿಕ್ಸ್ ಮೇಡಂ

ತುಂಬಾ ಒಳ್ಳೆಯ ಉದಾಹರಣೆ. ಎಳೆಯುವ ಬಲ ಹೊರಗಿನಿಂದ ಸಿಕ್ಕರೆ ಅದೇ ಕಾಲುಗಳು ಎಷ್ಟು ವೇಗದಲ್ಲಿ ಹೋಗಬಲ್ಲವು ಅನ್ನುವುದನ್ನು ಕಂಬಳ ತೋರಿಸುತ್ತದೆ. ಟ್ರ್ಯಾಕ್ ಮೇಲೆ ಆ ಬಲವನ್ನು ಓಟಗಾರನೇ ನೆಲದಿಂದ ಪಡೆಯಬೇಕು.

ನೋವಿಲ್ಲದ ಮಂಡಿ

ನಾನು ಫಿಸಿಯೋಥೆರಪಿಸ್ಟ್. ಎಲ್ಲರೂ ಕೈ ಬೇಕೋ ಬೇಡವೋ ಅಂತ ಮಾತಾಡುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಅವಳ ಕೈ ಯಾಕೆ ಅಡ್ಡ ಹೋಗುತ್ತಿದೆ?

ಕೈ ಸುಮ್ನೆ ಅಡ್ಡ ಹೋಗಲ್ಲ. ಎಷ್ಟೋ ಸಲ ಅದು ಕಾಲಿಗೆ ಕೊಡುತ್ತಿರುವ ಉತ್ತರ. ಪಾದ ನಡುಗೆರೆ ದಾಟಿ ಬೀಳುತ್ತಿದ್ದರೆ, ಅಥವಾ ಸೊಂಟ ಒಂದು ಕಡೆ ಕುಸಿಯುತ್ತಿದ್ದರೆ, ಮೈ ಜಾಸ್ತಿ ತಿರುಚಿಕೊಳ್ಳುತ್ತದೆ. ಅದನ್ನು ತಡೆಯಲು ಕೈ ಅಡ್ಡ ಬರುತ್ತದೆ. ಆಗ ನೀವು ಕೈ ಮಾತ್ರ ನೇರ ಮಾಡಿದರೆ ಊರುಗೋಲು ಕಿತ್ತುಕೊಂಡ ಹಾಗೆ.

ನೋಡುವುದಕ್ಕೆ ಸರಿ ಕಾಣದ್ದೆಲ್ಲ ತಪ್ಪಲ್ಲ ಅನ್ನುವುದೂ ನೆನಪಿರಲಿ. ಬೋಲ್ಟ್‌ಗೆ ಬೆನ್ನುಮೂಳೆ ಡೊಂಕು, ಸ್ಕೋಲಿಯೋಸಿಸ್. ಬಲಗಾಲು ಸುಮಾರು ಅರ್ಧ ಇಂಚು ಗಿಡ್ಡ. ಅವರ ಓಟದ ವಿಡಿಯೋಗಳನ್ನು 2017ರಲ್ಲಿ ಅಳೆದಾಗ ಬಲಗಾಲು ಶೇ 13ರಷ್ಟು ಹೆಚ್ಚು ಬಲದಲ್ಲಿ ನೆಲ ಬಡಿಯುತ್ತಿತ್ತು, ಎಡಗಾಲು ಶೇ 14ರಷ್ಟು ಹೆಚ್ಚು ಹೊತ್ತು ನೆಲದಲ್ಲಿ ಉಳಿಯುತ್ತಿತ್ತು. ಅದೇ ದೇಹ 9.58 ಓಡಿತು. ಯಾರಾದರೂ ಎರಡೂ ಕಾಲು ಒಂದೇ ಸಮ ಮಾಡುತ್ತೇನೆ ಅಂತ ಹೊರಟಿದ್ದರೆ ಏನಾಗುತ್ತಿತ್ತೋ.

ನಿಮ್ಮಲ್ಲಿ ಮಣ್ಣಿನ ಮೈದಾನ ಇದೆ, ಹುಡುಗಿ ಬರಿಗಾಲಲ್ಲಿ ಓಡುತ್ತಾಳೆ. ಇದಕ್ಕಿಂತ ಒಳ್ಳೆಯ ಲ್ಯಾಬ್ ಬೇಕಾ? ಮಳೆ ಬಂದು ನಿಂತ ಮೇಲೆ ಒಂದು ಸುಣ್ಣದ ಗೆರೆ ಎಳೆದು ಅದರ ಮೇಲೆ 40 ಮೀಟರ್ ಓಡಿಸಿ. ಆಮೇಲೆ ಹೆಜ್ಜೆ ಗುರುತು ನೋಡಿ.

ಓಟಗಾರನ ಅಪ್ಪ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ 1500 ಮೀಟರ್ ಓಡುತ್ತಾನೆ. ಅವನಿಗೂ ಇದೇ ಲೆಕ್ಕವಾ?

ಫಿಸಿಕ್ಸ್ ಮೇಡಂ

ದೂರದ ಓಟದಲ್ಲಿ ಕೈಯ ಲಾಭ ಉಸಿರಿನಲ್ಲಿ ಕಾಣುತ್ತದೆ. ಹದವಾದ ವೇಗದಲ್ಲಿ ಓಡಿಸಿ ಅಳೆದಾಗ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡವರಿಗೆ ಶೇ 3 ಹೆಚ್ಚು ಶಕ್ತಿ ಖರ್ಚಾಯಿತು. ಎದೆಗೆ ಕಟ್ಟಿದಾಗ ಶೇ 9, ತಲೆಯ ಮೇಲೆ ಇಟ್ಟಾಗ ಶೇ 13. ಹಾಗಾಗಿ ಮಗನಿಗೆ ಸಡಿಲವಾಗಿ ಬೀಸಲು ಹೇಳಿ. ಬೇರೆ ಏನೂ ತಿದ್ದಬೇಡಿ.

ಮಣ್ಣಿನ ಟ್ರ್ಯಾಕ್

ನಿನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಮೈದಾನಕ್ಕೆ ಹೋದೆವು. ಅವಳು ಓಡಿದಳು. ನಾನು ಬಗ್ಗಿ ಒಂದೊಂದೇ ಗುರುತು ನೋಡುತ್ತಾ 40 ಮೀಟರ್ ನಡೆದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಹೀಗೆ ನೋಡಬಹುದು ಅಂತ ಹೊಳೆದೇ ಇರಲಿಲ್ಲ.

ಎಡಗಾಲು ಗೆರೆಯ ಪಕ್ಕದಲ್ಲೇ ಬಿದ್ದಿದೆ. ಬಲಗಾಲು ಪ್ರತಿ ಸಲವೂ ಗೆರೆ ದಾಟಿ ಎಡಕ್ಕೆ, ನಾಲ್ಕು ಬೆರಳಿನಷ್ಟು. ಇನ್ನೊಂದು ಸಂಗತಿ. ಬಲಗಾಲಿನ ಗುರುತಿನಲ್ಲಿ ಹಿಮ್ಮಡಿ ಆಳವಾಗಿ ಇಳಿದಿದೆ, ಎಡಗಾಲಿನಲ್ಲಿ ಮುಂಗಾಲಿನ ಗುರುತೇ ಜಾಸ್ತಿ.

ನೋವಿಲ್ಲದ ಮಂಡಿ

ಸಿಕ್ಕಿತು ನೋಡಿ. ಬಲಗಾಲು ದೇಹಕ್ಕಿಂತ ತುಂಬಾ ಮುಂದೆ, ಅದೂ ಅಡ್ಡಕ್ಕೆ ಬೀಳುತ್ತಿದೆ. ಹಿಮ್ಮಡಿ ಮೊದಲು ಬಿದ್ದರೆ ಬ್ರೇಕ್ ಹಾಕಿದ ಹಾಗೆ. "ಹೆಜ್ಜೆ ಉದ್ದ ಹಾಕು" ಅಂತ ಯಾರಾದರೂ ಹೇಳಿದ್ದಾರಾ ಕೇಳಿ. ಅದನ್ನು ಕೇಳಿದ ಮಕ್ಕಳು ಕಾಲನ್ನು ಮುಂದಕ್ಕೆ ಚಾಚುತ್ತಾರೆ. ಹೆಜ್ಜೆ ಉದ್ದವಾಗಬೇಕಾದ್ದು ಹಿಂದಿನ ಕಾಲು ಒತ್ತಿದ್ದರಿಂದ, ಮುಂದಿನ ಕಾಲು ಚಾಚಿದ್ದರಿಂದ ಅಲ್ಲ. ಚಾಚಿ ಓಡುವವರಿಗೆ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಹಿಡಿಯುವುದೂ ಜಾಸ್ತಿ. ನನ್ನ ಹತ್ತಿರ ಬರುವ ಸ್ಪ್ರಿಂಟರ್‌ಗಳಲ್ಲಿ ಹೆಚ್ಚಿನವರ ದೂರು ಅದೇ.

ಮೊದಲು ಒಂದು ಪರೀಕ್ಷೆ. ಬಲಗಾಲೊಂದರಲ್ಲೇ ನಿಂತು ನಿಧಾನ ಅರ್ಧ ಕೂರಲಿ. ಮಂಡಿ ಒಳಗೆ ಬಾಗುತ್ತಾ? ಸೊಂಟ ವಾಲುತ್ತಾ? ಎಡಗಾಲಿನ ಜೊತೆ ಹೋಲಿಸಿ. ನೋವು ಅಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಮಣ್ಣಿನ ಟ್ರ್ಯಾಕ್

ನೋವಿಲ್ಲ. ಆದರೆ ಮಂಡಿ ಒಳಗೆ ಬಾಗುತ್ತದೆ, ಎಡಗಾಲಿಗಿಂತ ಜಾಸ್ತಿ. ಮತ್ತೆ, "ಹೆಜ್ಜೆ ಉದ್ದ ಹಾಕು" ಅಂತ ಹೇಳಿದ್ದು ನಾನೇ. ಹೋದ ವರ್ಷವೆಲ್ಲ ಅದನ್ನೇ ಕೂಗಿದ್ದೇನೆ.

ಹಳೇ ಸ್ಪೈಕ್ಸ್

ಮೇಡಂ, ನಮಗೆಲ್ಲ ಹಾಗೇ ಕಲಿಸಿದ್ದು. ಮಂಡಿ ಎತ್ತು, ಹೆಜ್ಜೆ ಚಾಚು, ಕೈ ಬೀಸು. ಮೈಕಲ್ ಜಾನ್ಸನ್ 1996ರಲ್ಲಿ ಅಟ್ಲಾಂಟಾದಲ್ಲಿ 200 ಮೀಟರ್ 19.32ರಲ್ಲಿ ಓಡಿದಾಗ ಬೆನ್ನು ನೆಟ್ಟಗೆ ನಿಲ್ಲಿಸಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಓಡಿದ್ದನ್ನು ಟಿವಿಯಲ್ಲಿ ನೋಡಿದವರೇ ನಾವು. ಆದರೂ ಮೈದಾನಕ್ಕೆ ಬಂದು ಅದೇ ಹಳೆಯ ಮಾತು ಹೇಳಿದೆವು.

ಹೆಜ್ಜೆ ಗುರುತಿನ ಮಾತು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಕಾಲಿನಿಂದಲೇ ಶುರು ಮಾಡಿ. ಆದರೆ ಕೈ ಬಗ್ಗೆ ಎರಡು ಮಾತು ಉಳಿದಿವೆ, ಅವನ್ನು ಬಿಡಲಾರೆ.

ಮೊದಲನೆಯದು ಸ್ಟಾರ್ಟ್. ಮೊದಲ ಐದಾರು ಹೆಜ್ಜೆ ಮೈ ಮುಂದೆ ಬಾಗಿರುತ್ತದೆ, ಪಾದ ನೆಲದ ಮೇಲೆ ಜಾಸ್ತಿ ಹೊತ್ತು ಇರುತ್ತದೆ, ಒತ್ತುವುದಕ್ಕೆ ಸಮಯ ಸಿಗುತ್ತದೆ. ಅಲ್ಲಿ ಕೈ ದೊಡ್ಡದಾಗಿ ಬೀಸಬೇಕು. ಕೈ ಗಿಡ್ಡ ಬೀಸಿದರೆ ಕಾಲೂ ಚುಟುಕು ಹೆಜ್ಜೆ ಹಾಕಿ ಬೇಗ ನೆಟ್ಟಗೆ ಎದ್ದುಬಿಡುತ್ತದೆ. ಆ ತಾಳದ ಮಾತು ಅಲ್ಲಿ ನಿಜ.

ಎರಡನೆಯದು ಬಿಗಿತ. ಮುಷ್ಟಿ ಬಿಗಿ ಹಿಡಿದರೆ ಭುಜ ಕಿವಿಗೆ ಏರುತ್ತದೆ, ಕತ್ತು ಬಿಗಿಯುತ್ತದೆ, ಮೈಯೆಲ್ಲ ಗಟ್ಟಿಯಾಗುತ್ತದೆ. ನಮ್ಮ ಗುರುಗಳು ಹೇಳುತ್ತಿದ್ದರು: ಬೆರಳ ನಡುವೆ ಹಪ್ಪಳ ಹಿಡಿದಿದ್ದೀಯ ಅಂದುಕೋ, ಗೆರೆ ಮುಟ್ಟುವವರೆಗೆ ಮುರಿಯಬಾರದು. ಮೊಣಕೈಯನ್ನು 90 ಡಿಗ್ರಿಗೆ ಬೀಗ ಹಾಕಿಸಬೇಡಿ. ಕೈ ಹಿಂದೆ ಹೋದಾಗ ಅದು ಬಿಚ್ಚಿಕೊಳ್ಳಲಿ, ಮುಂದೆ ಬಂದಾಗ ಮಡಚಿಕೊಳ್ಳಲಿ. ಜೇಬಿನ ಹತ್ತಿರದಿಂದ ಗಲ್ಲದ ಎತ್ತರಕ್ಕೆ. ಒಳಗೆ ಸ್ವಲ್ಪ ಬಾಗಿದರೆ ಪರವಾಗಿಲ್ಲ.

ಮಣ್ಣಿನ ಟ್ರ್ಯಾಕ್

ಹಾಗಾದರೆ ಮೂರು ವಾರಕ್ಕೆ ಏನು ಮಾಡಿಸಲಿ? ನಮ್ಮಲ್ಲಿ ಹರ್ಡಲ್ಸ್ ಇಲ್ಲ, ಬ್ಲಾಕ್ಸ್ ಇಲ್ಲ.

ನೋವಿಲ್ಲದ ಮಂಡಿ

ಒಂದು ಗೆರೆ ಅಳಿಸಿ, ಒಂದು ಗೇಣು ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಬಲಗಾಲು ಬಲಗೆರೆಯ ಮೇಲೆ, ಎಡಗಾಲು ಎಡಗೆರೆಯ ಮೇಲೆ. ಮೊದಲು ಎ ಸ್ಕಿಪ್ (ಒಂದೊಂದೇ ಮಂಡಿ ಎತ್ತಿ ಕುಪ್ಪಳಿಸುತ್ತಾ ಮುಂದೆ ಹೋಗುವುದು), ಆಮೇಲೆ ಮುಕ್ಕಾಲು ವೇಗದ ಓಟ. ಬಾಯಲ್ಲಿ ಒಂದೇ ಮಾತು: "ನೆಲವನ್ನು ಸೊಂಟದ ಕೆಳಗೇ ಒತ್ತು." ಮನೆಯಲ್ಲಿ ದಿನಾ ಬಲಗಾಲಿನ ಅರ್ಧ ಬೈಠಕ್, ಸ್ಕಿಪ್ಪಿಂಗ್, ಒಂಟಿಕಾಲಿನ ಕುಂಟಾಟ. ಕುಂಟೆಬಿಲ್ಲೆ ಆಡುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ನಾಲ್ಕನೇ ಲೇನ್

ಹರ್ಡಲ್ಸ್ ಬದಲು ತೆಂಗಿನ ಗರಿಯ ದಿಂಡುಗಳನ್ನು ನೆಲದ ಮೇಲೆ ಅಡ್ಡ ಇಡಿ. ಅವಳ ಹೆಜ್ಜೆಗೆ ತಕ್ಕ ಅಂತರ, ದಿಂಡು ದಿಂಡಿಗೂ ಸ್ವಲ್ಪ ಸ್ವಲ್ಪವೇ ಜಾಸ್ತಿ. ಚಾಚಿದರೆ ದಿಂಡಿಗೆ ತಾಗುತ್ತದೆ, ತಾನಾಗಿ ಕಾಲು ಕೆಳಗೆ ಇಡಲು ಕಲಿಯುತ್ತಾಳೆ.

ದಯವಿಟ್ಟು ಸುಸ್ತು ಮಾಡಿಸಬೇಡಿ. ಪೂರ್ತಿ ವೇಗದಲ್ಲಿ 20 ಮೀಟರ್, ಆಮೇಲೆ ಪೂರ್ತಿ ಆರಾಮ. ಪ್ರತಿ 10 ಮೀಟರಿಗೆ ಒಂದು ನಿಮಿಷ ಅಂತ ನಾವು ಲೆಕ್ಕ ಇಡುತ್ತೇವೆ. ಒಂದು ದಿನಕ್ಕೆ ಐದಾರು ಓಟ ಸಾಕು, ವಾರಕ್ಕೆ ಎರಡು ದಿನ. ನನ್ನ ಸ್ಕೂಲ್ ದಿನಗಳಲ್ಲಿ ಸ್ಪ್ರಿಂಟ್ ಪ್ರಾಕ್ಟೀಸ್ ಅಂದರೆ ಗ್ರೌಂಡಿಗೆ ಹತ್ತು ರೌಂಡ್. ನಿಧಾನ ಓಡುವುದನ್ನೇ ವರ್ಷಗಟ್ಟಲೆ ಕಲಿತೆ ಅಂತ ಈಗ ಬೇಜಾರಾಗುತ್ತದೆ.

ಮಣ್ಣಿನ ಟ್ರ್ಯಾಕ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಹೇಳಿದ್ದನ್ನು ಮಾಡಿಸಿದೆ. ಕೈ ಬಗ್ಗೆ ಹಪ್ಪಳದ ಮಾತು ಬಿಟ್ಟು ಬೇರೆ ಏನೂ ಹೇಳಲಿಲ್ಲ. ಸ್ಟಾರ್ಟ್‌ನಲ್ಲಿ ಮಾತ್ರ "ದೊಡ್ಡದಾಗಿ ಬೀಸು" ಅಂದೆ.

ಇವತ್ತು 100 ಮೀಟರ್ ಓಡಿಸಿದೆ. 13.9. ಕೈಯಲ್ಲಿ ಹಿಡಿದ ವಾಚು, ಸ್ವಲ್ಪ ಆಚೀಚೆ ಇದ್ದೀತು. ಆದರೆ ಹೆಜ್ಜೆ ಎಣಿಕೆಯಲ್ಲಿ ತಪ್ಪಿಲ್ಲ, ಮೂರು ಜನ ಮಕ್ಕಳೂ ವಿಡಿಯೋ ನೋಡಿ ಎಣಿಸಿದರು. 58. ಪಾದ ನೆಲದಲ್ಲಿರುವುದು 31 ಫ್ರೇಮಿನಿಂದ 29ಕ್ಕೆ ಬಂದಿದೆ. ಬಲಗಾಲಿನ ಗುರುತು ಗೆರೆ ದಾಟುತ್ತಿಲ್ಲ, ಹಿಮ್ಮಡಿಯ ಗುಳಿ ಇಲ್ಲ. ಮುಂದಿನಿಂದ ತೆಗೆದ ವಿಡಿಯೋದಲ್ಲಿ ಕೈ ನೋಡಿ ನಾನೇ ಎರಡು ಸಲ ಹಿಂದಕ್ಕೆ ಓಡಿಸಿದೆ. ಮಜ್ಜಿಗೆ ಕಡೆಯುವುದು ಮುಕ್ಕಾಲು ಪಾಲು ನಿಂತಿದೆ. ನಾನು ಮುಟ್ಟಲೇ ಇಲ್ಲ ಅದನ್ನು.

ಹಳೇ ಸ್ಪೈಕ್ಸ್

ಓದಿ ಕಣ್ಣು ತುಂಬಿತು ಮೇಡಂ. ಉಳಿದ ಕಾಲು ಪಾಲು ಹಾಗೇ ಇರಲಿ ಬಿಡಿ.

ನಾಲ್ಕನೇ ಲೇನ್

ತಾಲ್ಲೂಕಿಗೂ ಬರಿಗಾಲಾ? ಸ್ಪೈಕ್ಸ್ (ಮೊಳೆ ಇರುವ ಓಟದ ಶೂ) ಸಿಕ್ಕಿದರೂ ಈಗ ಹೊಸದಾಗಿ ಹಾಕಿಸಬೇಡಿ. ರೇಸ್ ಮುಗಿದ ಮೇಲೆ ನಿಧಾನವಾಗಿ ರೂಢಿ ಮಾಡಿಸಿ.

ಮಣ್ಣಿನ ಟ್ರ್ಯಾಕ್

ಬರಿಗಾಲೇ. ಅವಳೂ ಅದನ್ನೇ ಕೇಳಿದಳು. ಶನಿವಾರ ಓಟ. ನಾಳೆ ಮಳೆ ಬಿಟ್ಟರೆ 20 ಮೀಟರ್ ಮೂರು ಸಲ, ನಡುವೆ ಚೆನ್ನಾಗಿ ವಿಶ್ರಾಂತಿ. ಆಮೇಲೆ ಶನಿವಾರದವರೆಗೆ ಕುಂಟೆಬಿಲ್ಲೆ ಕೂಡ ಬೇಡ ಅಂದಿದ್ದೇನೆ.